ಮೂವರ ಸಾಕ್ಷ್ಯ: ‘ಘರೇ ಬಾಯಿರೇ’ ಕಾದಂಬರಿಯ ನಿರೂಪಕರು

೧

ಇಬ್ಬರು ಪುರುಷರು ಮತ್ತು ಒಬ್ಬ ಸ್ತ್ರೀ, ಅಥವಾ ಇಬ್ಬರು ಸ್ತ್ರೀಯರು ಮತ್ತು ಒಬ್ಬ ಪುರುಷ: ಈ ಮೂವರ ನಡುವಣ ಪ್ರೇಮದ ಕಥೆ ಲೋಕದ ಎಲ್ಲ ಸಾಹಿತ್ಯಗಳಲ್ಲಿಯೂ ಬಹು ಹಳೆಯದು. ಇಂಥ ಕಥೆಯಲ್ಲಿ ಏನು ನಡೆಯಿತೆಂಬುದು ಓದುಗನಿಗೆ ಬೇಗನೆ ತಿಳಿದುಬಿಡುತ್ತದೆ. ಅದನ್ನು ಹೇಳುತ್ತಿರುವವರು ಯಾರು, ಅವರ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆ ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯತಕ್ಕದ್ದಲ್ಲ. ಮೂವರಲ್ಲಿ ಒಬ್ಬೊಬ್ಬರಿಗೂ ತಮ್ಮ ಮನಸ್ಸು ಒಂದಿಷ್ಟು ತಿಳಿದಿರುತ್ತದೆ. ಉಳಿದಿಬ್ಬರ ಮನಸ್ಸನ್ನು ಊಹಿಸಬೇಕಾಗುತ್ತದೆ. ಆ ಊಹೆಯಾದರೂ ನಿರ್ಲಿಪ್ತನ ಊಹೆಯಲ್ಲ. ಮೋಹ, ಮತ್ಸರ, ಪಶ್ಚಾತ್ತಾಪಗಳು ಅದರ ಹಿಂದೆ ನಿಂತಿರುತ್ತವೆ. ಹೀಗಿರಲಾಗಿ ಮೂವರಲ್ಲಿ ಯಾರೊಬ್ಬರು ಕಥೆ ಹೇಳಹೊರಟರೂ ಅದು ಕಥನವಾಗುವ ಮುನ್ನ ವಾದವಾಗಿಬಿಡುವ ಸಂಭವವುಂಟು.

ವಿಮರ್ಶೆಯಲ್ಲಿ ಇಂಥ ನಿರೂಪಕನಿಗೆ ‘ವಿಶ್ವಾಸಾರ್ಹನಲ್ಲದ ನಿರೂಪಕ’ ಎಂಬ ಹೆಸರು ಬಳಕೆಗೆ ಬಂದದ್ದು ಅಮೆರಿಕದ ವಿಮರ್ಶಕ ವೇಯ್ನ್ ಬೂತ್ 1961ರಲ್ಲಿ ಪ್ರಕಟಿಸಿದ ಕಾದಂಬರಿ ಕಲೆಯ ಕುರಿತ ಗ್ರಂಥದಿಂದ. ಕೃತಿಯ ಒಟ್ಟು ಮೌಲ್ಯದೃಷ್ಟಿಗೆ ಅನುಗುಣವಾಗಿ ನುಡಿಯುವ ನಿರೂಪಕನು ವಿಶ್ವಾಸಾರ್ಹ. ಅದಕ್ಕೆ ದೂರವಾಗಿ ನುಡಿಯುವವನು ಅಲ್ಲ ಎಂಬುದು ಬೂತ್ ಅವರ ವಿಂಗಡಣೆಯ ತಾತ್ಪರ್ಯ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಅಂಥ ನಿರೂಪಕನು ಸುಳ್ಳುಗಾರನೇ ಆಗಿರಬೇಕೆಂಬ ನಿಯಮವಿಲ್ಲ. ನಡೆದುದನ್ನು ನಡೆದಂತೆಯೇ ಹೇಳಿಯೂ, ಅದಕ್ಕೆ ಇಟ್ಟ ಹೆಸರಿನಲ್ಲಿ ಅವನು ತಪ್ಪಿರಬಹುದು. ಈ ಸೂಕ್ಷ್ಮವನ್ನು ಮರೆತರೆ ಕಾದಂಬರಿಯ ಓದು ಕಳ್ಳನನ್ನು ಹಿಡಿಯುವ ಪತ್ತೇದಾರಿಕೆಯಾಗಿಬಿಡುತ್ತದೆ.

ರವೀಂದ್ರನಾಥ ಠಾಕೂರರ ‘ಘರೇ ಬಾಯಿರೇ’ ಈ ಸಮಸ್ಯೆಯನ್ನು ವಿಚಾರಿಸುವುದಕ್ಕೆ ಅತ್ಯಂತ ಯೋಗ್ಯವಾದ ಕೃತಿ. ಮೂವರ ಪ್ರೇಮದ ಕಥೆಯನ್ನು ಆ ಮೂವರ ಬಾಯಿಂದಲೇ ಸರದಿಯಾಗಿ ಹೇಳಿಸಿದ ಕಾದಂಬರಿಯಿದು. ಇದರ ವಿಶೇಷ ಎದ್ದುಕಾಣಬೇಕಾದರೆ ಒಬ್ಬನೇ ಸಾಕ್ಷಿಯುಳ್ಳ ಕಥೆಗಳೊಡನೆ ಮೊದಲು ಹೋಲಿಸಿ ನೋಡುವುದು ಉಚಿತ.

೨

ಬ್ರೆಜಿಲ್ ದೇಶದ ಮಶಾದೋ ದಿ ಅಸ್ಸಿಸ್ ಪೋರ್ಚುಗೀಸ್ ಭಾಷೆಯಲ್ಲಿ ಬರೆದ ‘ದೋಂ ಕಸ್ಮುರ್ರೋ’ ಕಾದಂಬರಿ 1899ರ ಮುದ್ರಣ. ಅದರ ನಿರೂಪಕ ಬೆಂತೋ ಸಾಂತಿಯಾಗೋ ಎಂಬ ವಕೀಲ. ಬಾಲ್ಯದಲ್ಲಿಯೇ ಒಲಿದು ಮದುವೆಯಾದ ಹೆಂಡತಿ ಕಪಿತು, ಪ್ರಾಣಸ್ನೇಹಿತ ಎಸ್ಕೊಬಾರ್, ಇವರಿಬ್ಬರೂ ತನ್ನನ್ನು ವಂಚಿಸಿದರೆಂದು ಆತ ವೃದ್ಧಾಪ್ಯದಲ್ಲಿ ಒಬ್ಬನೇ ಕುಳಿತು ಬರೆಯುತ್ತಾನೆ. ಮಗನ ಮುಖದಲ್ಲಿ ಸ್ನೇಹಿತನ ಹೋಲಿಕೆ ಕಂಡಿತೆಂಬುದೇ ಅವನಲ್ಲಿರುವ ಮುಖ್ಯ ಪ್ರಮಾಣ. ಸ್ನೇಹಿತನು ಅಷ್ಟರಲ್ಲಿ ಸಮುದ್ರದಲ್ಲಿ ಮುಳುಗಿ ಸತ್ತಿದ್ದಾನೆ. ಹೆಂಡತಿಯನ್ನು ಗಂಡನೇ ಯೂರೋಪಿಗೆ ಕಳುಹಿಸಿ, ಆಕೆ ಅಲ್ಲಿಯೇ ತೀರಿಕೊಂಡಿದ್ದಾಳೆ. ಎದುರು ಪಕ್ಷದ ಹೇಳಿಕೆ ಇಲ್ಲವೇ ಇಲ್ಲ. ಆದರೂ ಸುಮಾರು ಅರುವತ್ತು ವರ್ಷಗಳ ಕಾಲ ಬಹುಮಂದಿ ವಿಮರ್ಶಕರು ಕಪಿತುವನ್ನು ಅಪರಾಧಿನಿಯೆಂದೇ ಎಣಿಸಿದರು. 1960ರಲ್ಲಿ ಅಮೆರಿಕದ ವಿದುಷಿ ಹೆಲೆನ್ ಕಾಲ್ಡ್‌ವೆಲ್ ಈ ಕಾದಂಬರಿಯನ್ನು ಒಥೆಲೊ ನಾಟಕದೊಡನೆ ಹೋಲಿಸಿ ಒಂದು ಗ್ರಂಥ ಬರೆದು, ಇಲ್ಲಿ ವಿಚಾರಣೆಗೆ ಗುರಿಯಾಗಬೇಕಾದವನು ಗಂಡನೇ ಎಂದು ವಾದಿಸಿದ ಬಳಿಕ ಓದಿನ ದಿಕ್ಕು ಬದಲಾಯಿತು. ನಿರೂಪಕನ ಮಾತನ್ನು ಪ್ರಶ್ನಿಸದೆ ಒಪ್ಪಿದರೆ ಎಂಥ ಅನ್ಯಾಯವಾದೀತೆಂಬುದಕ್ಕೆ ಇದು ಸಾಕಾದ ನಿದರ್ಶನ.

ಕನ್ನಡದ ಓದುಗನಿಗೆ ಇಲ್ಲಿ ಜನ್ನನ ‘ಯಶೋಧರ ಚರಿತೆ’ ನೆನಪಾಗುವುದು ಸಹಜ. 1209ರ ಈ ಕಾವ್ಯದಲ್ಲಿಯೂ ಮೂವರಿದ್ದಾರೆ: ರಾಜ ಯಶೋಧರ, ರಾಣಿ ಅಮೃತಮತಿ, ಇರುಳಿನಲ್ಲಿ ಹಾಡಿ ರಾಣಿಯ ಮನಸ್ಸನ್ನು ಸೆಳೆದ ಮಾವುತ. ಈ ಕಥೆಯನ್ನು ಮಾರಿದತ್ತನಿಗೆ ಹೇಳುವವನು ಅಭಯರುಚಿ. ಅವನೇ ಹಿಂದಿನ ಜನ್ಮವೊಂದರಲ್ಲಿ ಯಶೋಧರನಾಗಿದ್ದವನು. ಎಂದರೆ ಇಲ್ಲಿಯೂ ಕಥೆ ಹೇಳುತ್ತಿರುವವನು ನೊಂದ ಗಂಡನೇ. ಆದರೂ ಅವನನ್ನು ಬೆಂತೋವಿನೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸುವಂತಿಲ್ಲ. ಹಲವು ಜನ್ಮಗಳ ದುಃಖವನ್ನು ಉಂಡು, ಜಾತಿಸ್ಮರನಾಗಿ, ವೈರಾಗ್ಯದಲ್ಲಿ ನಿಂತು ಅವನು ಮಾತನಾಡುತ್ತಾನೆ. ಹೆಂಡತಿಯ ಮೇಲೆ ದೂರು ಕೊಡುವುದು ಅವನ ಉದ್ದೇಶವಲ್ಲ; ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ತನ್ನ ಸಂಕಲ್ಪಹಿಂಸೆಯ ಫಲವನ್ನು ತಿಳಿಸುವುದೇ ಉದ್ದೇಶ. ಅವನ ಸಾಕ್ಷ್ಯಕ್ಕೆ ಜೈನಧರ್ಮದ ಕರ್ಮಸಿದ್ಧಾಂತವೇ ಜಾಮೀನು. ಅಷ್ಟಾದರೂ ಅಮೃತಮತಿಯ ಮನಸ್ಸಿನ ಒಳಗಣ ಮಾತು ಅವಳ ಬಾಯಿಂದಲೇ ಕಥೆಯಾಗಿ ಹೊರಡುವುದಿಲ್ಲವೆಂಬುದು ನಿಜ. ಆ ಕೊರತೆ ಆಧುನಿಕ ಕಾಲದಲ್ಲಿ ಎದ್ದುಕಂಡುದರಿಂದಲೇ ಗಿರೀಶ ಕಾರ್ನಾಡರು 1980ರಲ್ಲಿ ಪ್ರಕಟವಾದ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಣಿಯನ್ನು ರಂಗದ ನಡುವೆ ತಂದು ಮಾತನಾಡಿಸಿದರೆಂದು ಭಾವಿಸಬಹುದು.

ಧರ್ಮದ ಜಾಮೀನು ಸಡಿಲವಾದ ಮೇಲೆ ಕಾದಂಬರಿಕಾರನ ಮುಂದೆ ಎರಡು ದಾರಿಗಳಿವೆ. ಒಬ್ಬ ಸಾಕ್ಷಿಯನ್ನಷ್ಟೇ ಕಟಕಟೆಯಲ್ಲಿ ನಿಲ್ಲಿಸಿ, ಅವನ ಮಾತಿನ ಬಿರುಕುಗಳಿಂದಲೇ ಸತ್ಯವನ್ನು ಊಹಿಸೆಂದು ಓದುಗನಿಗೆ ಬಿಡುವುದು ಒಂದು. ಇದು ಮಶಾದೋವಿನ ದಾರಿ. ಮೂವರನ್ನೂ ಕರೆದು, ಒಬ್ಬರ ಹೇಳಿಕೆಯ ಪಕ್ಕದಲ್ಲಿ ಇನ್ನೊಬ್ಬರ ಹೇಳಿಕೆಯನ್ನಿಡುವುದು ಇನ್ನೊಂದು. ರವೀಂದ್ರರು ಹಿಡಿದದ್ದು ಈ ಎರಡನೆಯ ದಾರಿಯನ್ನು.

೩

‘ಘರೇ ಬಾಯಿರೇ’ ಎಂದರೆ ಮನೆಯೊಳಗೆ ಮತ್ತು ಹೊರಗೆ ಎಂದರ್ಥ. ಪ್ರಮಥ ಚೌಧುರಿಯವರು ಸಂಪಾದಿಸುತ್ತಿದ್ದ ‘ಸಬುಜ್ ಪತ್ರ’ದಲ್ಲಿ 1915-16ರಲ್ಲಿ ಕಂತುಕಂತಾಗಿ ಬಂದು, 1916ರಲ್ಲಿ ಪುಸ್ತಕವಾಯಿತು. ಕವಿಯ ಅಣ್ಣನ ಮಗ ಸುರೇಂದ್ರನಾಥ ಠಾಕೂರರ ಇಂಗ್ಲಿಷ್ ಅನುವಾದ 1919ರಲ್ಲಿ ಹೊರಬಿದ್ದಿತು. ಗ್ರಾಂಥಿಕ ಬಂಗಾಳಿಯನ್ನು ಬಿಟ್ಟು ಆಡುಮಾತಿಗೆ ಸಮೀಪವಾದ ಚಲಿತ ಭಾಷೆಯಲ್ಲಿ ರವೀಂದ್ರರು ಬರೆದ ಮೊದಲ ಕಾದಂಬರಿಯಿದು. ಈ ಬದಲಾವಣೆ ಕೇವಲ ಶೈಲಿಯ ಸಂಗತಿಯಲ್ಲ. ಗ್ರಾಂಥಿಕ ಭಾಷೆ ಎಲ್ಲರಿಗೂ ಒಂದೇ ಪೋಷಾಕನ್ನು ತೊಡಿಸುತ್ತದೆ. ಮೂವರು ತಮ್ಮ ತಮ್ಮ ಕಥೆ ಹೇಳಬೇಕಾದಲ್ಲಿ ಒಬ್ಬೊಬ್ಬರ ಉಸಿರಿನ ಲಯ ಬೇರೆಯಾಗಿ ಕೇಳಬೇಕು. ಅದಕ್ಕೆ ಆಡುನುಡಿಯ ಆಸರೆ ಅಗತ್ಯವಾಗಿತ್ತು.

ಕಥೆಯ ಕಾಲ 1905ರ ವಂಗವಿಭಜನೆಯ ತರುವಾಯದ ಸ್ವದೇಶಿ ಚಳವಳಿಯದು. ನಿಖಿಲೇಶ ವಿದ್ಯಾವಂತನಾದ ಜಮೀನ್ದಾರ. ಅಂತಃಪುರದ ಗೋಡೆಯೊಳಗೆ ದೊರೆತ ಹೆಂಡತಿಯ ಪ್ರೀತಿ ಅವನಿಗೆ ಸಾಲದು. ಹೊರಲೋಕವನ್ನು ಕಂಡ ಮೇಲೆಯೂ ಆಕೆ ತನ್ನನ್ನು ಆರಿಸಿಕೊಳ್ಳಬೇಕೆಂಬುದು ಅವನ ಬಯಕೆ. ಬಿಮಲಾ ಗಂಡನ ಪಾದಧೂಳಿಯನ್ನು ಕದ್ದು ತಲೆಗೊತ್ತಿಕೊಳ್ಳುವ ಸಂಪ್ರದಾಯಸ್ಥ ಪತ್ನಿ. ಹೊರಗೆ ಬರುವ ಆಸೆ ಮೊದಲಿಗೆ ಆಕೆಗಿರಲಿಲ್ಲ. ಗಂಡನ ಸ್ನೇಹಿತ ಸಂದೀಪ ಸ್ವದೇಶಿಯ ಮುಂದಾಳಾಗಿ ಬಂದು ಭಾಷಣ ಮಾಡುತ್ತಾನೆ. ಪರದೆಯ ಹಿಂದೆ ಕುಳಿತು ಕೇಳುತ್ತಿದ್ದ ಬಿಮಲಾ ಆವೇಶದಲ್ಲಿ ಪರದೆಯನ್ನು ಸರಿಸಿಬಿಡುತ್ತಾಳೆ. ಅಲ್ಲಿಂದ ಮುಂದೆ ಸಂದೀಪನು ಅದೇ ಮನೆಯಲ್ಲಿ ಬೀಡುಬಿಟ್ಟು, ಆಕೆಯನ್ನು ‘ಮಕ್ಷಿರಾಣಿ’, ಎಂದರೆ ಜೇನುಗೂಡಿನ ರಾಣಿ, ಎಂದು ಕರೆದು, ದೇಶದ ಶಕ್ತಿಯೇ ಆಕೆಯಲ್ಲಿ ಮೂರ್ತಿಗೊಂಡಿದೆಯೆಂದು ಹೊಗಳುತ್ತ ಹೋಗುತ್ತಾನೆ.

ಈ ಕಥೆಯನ್ನು ‘ಬಿಮಲೆಯ ಆತ್ಮಕಥೆ’, ‘ನಿಖಿಲೇಶನ ಆತ್ಮಕಥೆ’, ‘ಸಂದೀಪನ ಆತ್ಮಕಥೆ’ ಎಂಬ ತಲೆಬರಹಗಳ ಕೆಳಗೆ ಮೂವರೂ ಹೇಳುತ್ತಾರೆ. ಒಬ್ಬರು ಬರೆದುದನ್ನು ಇನ್ನೊಬ್ಬರು ಓದುವುದಿಲ್ಲ. ಮೂರನ್ನೂ ಓದುವವನು ಓದುಗನೊಬ್ಬನೇ. ಕೃತಿಯಲ್ಲಿ ಯಾವ ಪಾತ್ರಕ್ಕೂ ಇಲ್ಲದ ಅಧಿಕಾರ ಓದುಗನಿಗೆ ದೊರೆಯುವುದು ಇಲ್ಲಿಯೇ. ಅದರ ಹೊಣೆಯೂ ಅವನ ಮೇಲೆಯೇ ಬೀಳುತ್ತದೆ.

೪

ಮೂವರಲ್ಲಿ ಸಂದೀಪನನ್ನು ನಂಬಬಾರದೆಂದು ಯಾರೂ ಓದುಗನಿಗೆ ಹೇಳಿಕೊಡಬೇಕಾಗಿಲ್ಲ. ಅವನೇ ಹೇಳಿಕೊಳ್ಳುತ್ತಾನೆ. ಬೇಕೆನಿಸಿದ್ದನ್ನು ಕಿತ್ತುಕೊಳ್ಳುವುದೇ ಪ್ರಕೃತಿಯ ಧರ್ಮವೆಂದೂ, ಜನಕ್ಕೆ ಸತ್ಯಕ್ಕಿಂತ ಭ್ರಮೆಯೇ ಹೆಚ್ಚು ಉಪಯುಕ್ತವೆಂದೂ, ದೇಶವನ್ನು ದೇವಿಯ ವಿಗ್ರಹವಾಗಿ ನಿಲ್ಲಿಸಿದರೆ ಕೆಲಸ ಸುಲಭವೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಅನ್ಯರಿಗೆ ಸುಳ್ಳು ಹೇಳುವವನು ತನ್ನ ಕಾಗದದ ಮುಂದೆ ಪ್ರಾಮಾಣಿಕನಾಗಿರುವ ವಿಚಿತ್ರವಿದು. ಹಾಗಾದರೆ ಅವನ ನಿರೂಪಣೆಯ ದೋಷವೆಲ್ಲಿ?

ದೋಷವಿರುವುದು ಅವನು ತನ್ನ ವಿಷಯವಾಗಿ ರಚಿಸಿಕೊಂಡ ಚಿತ್ರದಲ್ಲಿ. ಸಂದೀಪನು ತನ್ನನ್ನು ದಯೆಯಿಲ್ಲದ, ಹಿಂಜರಿಕೆಯಿಲ್ಲದ ವೀರನೆಂದು ಭಾವಿಸಿದ್ದಾನೆ. ಆದರೆ ಬಿಮಲಾ ಕೈಗೆಟಕುವಷ್ಟು ಸಮೀಪಕ್ಕೆ ಬಂದ ಘಳಿಗೆಯಲ್ಲಿ ಅವನೇ ತಡೆಯುತ್ತಾನೆ. ಆಮೇಲೆ ತನ್ನ ದೌರ್ಬಲ್ಯಕ್ಕಾಗಿ ತಾನೇ ಸಿಡುಕುತ್ತಾನೆ. ಸಾಮಾನ್ಯವಾಗಿ ನಂಬಲಾಗದ ನಿರೂಪಕರು ತಾವಿರುವುದಕ್ಕಿಂತ ಒಳ್ಳೆಯವರೆಂದು ತೋರಿಸಿಕೊಳ್ಳುತ್ತಾರೆ. ಸಂದೀಪನು ತಾನಿರುವುದಕ್ಕಿಂತ ಕ್ರೂರನೆಂದು ತೋರಿಸಿಕೊಳ್ಳುತ್ತಾನೆ. ಕ್ರೌರ್ಯವೇ ಶಕ್ತಿಯೆಂದು ತಿಳಿದವನಿಗೆ ಅದೂ ಒಂದು ಬಗೆಯ ಆತ್ಮಪ್ರಶಂಸೆಯೇ.

ಇವನ ಬಾಯಿಂದ ಬಂದ ಒಂದು ಮಾತು ಪುಸ್ತಕದ ಹೊರಗೂ ಕೋಲಾಹಲವನ್ನುಂಟುಮಾಡಿತು. ರಾಮಾಯಣದ ನಿಜವಾದ ನಾಯಕ ರಾವಣನೆಂದೂ, ಸೀತೆಯನ್ನು ಅಂತಃಪುರಕ್ಕೆ ಕೊಂಡೊಯ್ಯದೆ ಅಶೋಕವನದಲ್ಲಿಟ್ಟ ಸಂಕೋಚವೇ ಅವನ ಕೇಡಿಗೆ ಕಾರಣವೆಂದೂ ಸಂದೀಪನು ಅಭಿಪ್ರಾಯಪಡುತ್ತಾನೆ. ಇದನ್ನೋದಿದ ಕೆಲವರು, ರವೀಂದ್ರರು ಸೀತೆಗೆ ಅವಮಾನ ಮಾಡಿದರೆಂದು ಕೆರಳಿ ಆಕ್ಷೇಪಿಸಿದರು. ಕಾದಂಬರಿಯ ವಿಷಯವಾಗಿ ಎದ್ದ ಇಂಥ ಆಕ್ಷೇಪಗಳಿಗೆ ಕವಿಗಳು ಬರಹದ ಮೂಲಕ ಉತ್ತರ ಕೊಡಬೇಕಾಯಿತು. ಪಾತ್ರದ ಮಾತನ್ನು ಕರ್ತೃವಿನ ಮಾತೆಂದು ಬಗೆಯುವ ಈ ತಪ್ಪು ಕೇವಲ ಅರಸಿಕತೆಯಿಂದ ಆದುದೆಂದು ತಳ್ಳಿಹಾಕುವಂತಿಲ್ಲ. ಲೇಖಕನೇ ಎಲ್ಲವನ್ನೂ ಹೇಳಿ, ಒಳಿತು ಕೆಡುಕುಗಳನ್ನು ವಿಂಗಡಿಸಿ ಕೊಡುವ ಕಾದಂಬರಿಗಳಿಗೆ ಆ ಓದುಗರು ಒಗ್ಗಿಹೋಗಿದ್ದರು. ಲೇಖಕನು ಹಿಂದೆ ಸರಿದು ಪಾತ್ರವನ್ನೇ ಮುಂದೆ ಬಿಟ್ಟಾಗ, ಆ ಖಾಲಿ ಪೀಠದಲ್ಲಿ ಪಾತ್ರವೇ ಕುಳಿತಂತೆ ಅವರಿಗೆ ಕಂಡಿತು. ರಾವಣನ ‘ಸಂಕೋಚ’ವನ್ನು ಹಳಿದ ಸಂದೀಪನೇ ಅದೇ ಸಂಕೋಚಕ್ಕೆ ಸಿಕ್ಕಿ ನಿಲ್ಲುತ್ತಾನೆಂಬ ವ್ಯಂಗ್ಯವನ್ನು ಕಂಡಿದ್ದರೆ, ಆ ಮಾತಿಗೆ ಕಾದಂಬರಿಯೇ ಉತ್ತರ ಕೊಟ್ಟಿದೆಯೆಂಬುದು ತಿಳಿಯುತ್ತಿತ್ತು.

೫

ಬಿಮಲೆಯ ಕಥನದ ಸ್ವರೂಪವೇ ಬೇರೆ. ಎಲ್ಲವೂ ಮುಗಿದ ಮೇಲೆ, ಗತಿಸಿದ ತಾಯಿಯನ್ನು ನೆನೆಯುತ್ತ ಆಕೆ ಮಾತನ್ನು ಆರಂಭಿಸುತ್ತಾಳೆ. ಆದುದರಿಂದ ಆಕೆಯ ಧ್ವನಿಯಲ್ಲಿ ಇಬ್ಬರು ಸ್ತ್ರೀಯರಿದ್ದಾರೆ: ಮೋಹದಲ್ಲಿದ್ದವಳೊಬ್ಬಳು, ಮೋಹ ತಿಳಿದು ನೊಂದವಳೊಬ್ಬಳು. ಎರಡನೆಯವಳು ಮೊದಲನೆಯವಳ ಮೇಲೆ ತೀರ್ಪು ಕೊಡುತ್ತಲೇ ಕಥೆ ಹೇಳುತ್ತಾಳೆ. ಪಶ್ಚಾತ್ತಾಪದ ಮಾತು ಸತ್ಯದ ಮಾತೆಂದು ಓದುಗನಿಗೆ ಕೂಡಲೇ ತೋರುತ್ತದೆ. ತಪ್ಪನ್ನು ತಾನೇ ಒಪ್ಪಿಕೊಂಡವಳನ್ನು ಇನ್ನೇನು ಕೇಳುವುದು? ಆದರೆ ಪಶ್ಚಾತ್ತಾಪವೂ ನೆನಪನ್ನು ತಿದ್ದಬಲ್ಲುದು. ಸಂದೀಪನ ಭಾವಚಿತ್ರವನ್ನು ಮೊದಲು ನೋಡಿದಾಗಲೇ ಆ ಚೆಲುವಿನಲ್ಲಿ ಏನೋ ಹೀನವಾದ ಬೆರಕೆಯಿದ್ದಂತೆ ತನಗೆ ಕಂಡಿತ್ತೆಂದು ಆಕೆ ಹೇಳುತ್ತಾಳೆ. ಅದು ಅಂದಿನ ಅನುಭವವೋ, ಇಂದಿನ ತಿಳಿವು ಅಂದಿನ ನೆನಪಿನ ಮೇಲೆ ಚೆಲ್ಲಿದ ಬಣ್ಣವೋ ಎಂದು ಖಚಿತವಾಗಿ ಹೇಳುವ ಸಾಧನವಿಲ್ಲ.

ಆಕೆಯ ಮಾತಿನ ಇನ್ನೊಂದು ಮಿತಿ ವಿಧವೆಯಾದ ವಾರಗಿತ್ತಿಯ ಚಿತ್ರದಲ್ಲಿ ಕಾಣುತ್ತದೆ. ಮನೆಯ ಮೇಜೋರಾಣಿ, ಎಂದರೆ ನಡುವಣ ಸೊಸೆ, ಬಿಮಲೆಯ ಕಣ್ಣಿಗೆ ಕೊಂಕು ನುಡಿಯುವ, ಹೊಟ್ಟೆಕಿಚ್ಚಿನ ಹೆಂಗಸು. ಮೈದುನನ ಮುಂದೆ ಆಕೆ ಆಡುವ ಸರಸವೆಲ್ಲ ನಾಟಕವೆಂದು ಬಿಮಲೆಯ ನಂಬಿಕೆ. ಪುಸ್ತಕದ ಬಹುಭಾಗ ಓದುಗನೂ ಹಾಗೆಯೇ ನಂಬಿರುತ್ತಾನೆ. ಕೊನೆಗೆ ನಿಖಿಲೇಶನ ಪುಟಗಳಲ್ಲಿ ಬೇರೊಂದು ಸಂಗತಿ ಹೊರಬೀಳುತ್ತದೆ: ಆಕೆ ಒಂಬತ್ತರ ಬಾಲೆಯಾಗಿ ಆ ಮನೆಗೆ ಬಂದಾಗ ಅವನಿಗೆ ಆರು ವರ್ಷ, ಇಬ್ಬರೂ ಕೂಡಿ ಆಡಿ ಬೆಳೆದವರು. ಗಂಡನೂ ಮಕ್ಕಳೂ ಇಲ್ಲದ ಆ ಮನೆಯಲ್ಲಿ ಆ ಬಾಲ್ಯಸ್ನೇಹವೊಂದೇ ಆಕೆಗೆ ಉಳಿದ ಆಸ್ತಿ. ಬಿಮಲಾ ವರದಿ ಮಾಡಿದ ಕೊಂಕುಮಾತುಗಳು ಸುಳ್ಳಲ್ಲ. ಅವುಗಳ ಹಿಂದಿದ್ದ ದುಃಖ ಮಾತ್ರ ಆಕೆಯ ಕಣ್ಣಿಗೆ ಬೀಳಲಿಲ್ಲ. ಸಂಗತಿ ಸರಿಯಿದ್ದು ಅರ್ಥ ತಪ್ಪಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

೬

ಓದುಗನು ಹೆಚ್ಚು ಎಚ್ಚರವಾಗಿರಬೇಕಾದುದು ನಿಖಿಲೇಶನ ಮುಂದೆ. ಅವನು ಸತ್ಯವಂತ, ಸಹನಶೀಲ. ಬಡ ಒಕ್ಕಲುಗಳ ಪರವಾಗಿ ನಿಂತು ಜನಪ್ರಿಯತೆಯನ್ನು ಕಳೆದುಕೊಂಡವನು. ರವೀಂದ್ರರ ವಿಚಾರಗಳಿಗೂ ಅವನ ವಿಚಾರಗಳಿಗೂ ಇರುವ ಸಾಮೀಪ್ಯವನ್ನು ಅನೇಕರು ಗುರುತಿಸಿದ್ದಾರೆ. ಆದುದರಿಂದ ಅವನ ಪುಟಗಳು ಬಂದಾಗ ಓದುಗನು ತಕ್ಕಡಿಯನ್ನು ಕೆಳಗಿಟ್ಟುಬಿಡುತ್ತಾನೆ. ಬೂತ್ ಅವರ ಅಳತೆಗೋಲಿನಿಂದ ನೋಡಿದರೆ ಮೂವರಲ್ಲಿ ವಿಶ್ವಾಸಾರ್ಹನಾದ ನಿರೂಪಕನು ಇವನೇ.

ಆದರೂ ಸ್ವಾತಂತ್ರ್ಯದ ವಿಷಯವನ್ನು ವಿಚಾರಿಸಬೇಕು. ಹೆಂಡತಿಗೆ ಸ್ವಾತಂತ್ರ್ಯ ಕೊಟ್ಟೆನೆಂದು ನಿಖಿಲೇಶ ನಂಬಿದ್ದಾನೆ. ಆದರೆ ಇಂಗ್ಲಿಷ್ ಶಿಕ್ಷಕಿಯಾಗಿ ಮಿಸ್ ಗಿಲ್ಬಿಯನ್ನು ಗೊತ್ತುಮಾಡಿದವನು ಅವನು. ಹೊರಗೆ ಬರಬೇಕೆಂದು ಒತ್ತಾಯಿಸಿದವನು ಅವನು. ಯಾವ ಬಗೆಯ ಪ್ರೇಮ ಉತ್ತಮವೆಂದು ನಿರ್ಣಯಿಸಿದವನೂ ಅವನೇ. ಬಿಮಲಾ ಬೇಡದಿದ್ದ ವರವನ್ನು ಆಕೆಯ ಮೇಲೆ ಹೊರಿಸಲಾಯಿತು. ಆಕೆಯನ್ನು ತನ್ನ ಆದರ್ಶದ ಅಚ್ಚಿನಲ್ಲಿ ಎರಕಹೊಯ್ಯಬೇಕೆಂಬ ತನ್ನ ಆಸೆಯಲ್ಲಿಯೂ ಒಂದು ದಬ್ಬಾಳಿಕೆ ಅಡಗಿತ್ತೆಂದು ನಿಖಿಲೇಶ ತಾನೇ ಸಂದೇಹಪಡುತ್ತಾನೆ. ಆದರೆ ಆ ಸಂದೇಹ ಮೂಡುವಷ್ಟರಲ್ಲಿ ಕಾಲ ಮೀರಿದೆ. ಮನೆಯಲ್ಲಿ ನಡೆಯುತ್ತಿದ್ದುದನ್ನು ಕಂಡೂ ಅವನು ಬಹುಕಾಲ ಸುಮ್ಮನಿರುತ್ತಾನೆ. ತನ್ನ ಪುಟಗಳಲ್ಲಿ ಅವನು ಆ ಮೌನಕ್ಕೆ ‘ಬಲಾತ್ಕಾರ ಮಾಡದಿರುವುದು’ ಎಂಬ ಅರ್ಥ ಕೊಟ್ಟುಕೊಳ್ಳುತ್ತಾನೆ. ಬಿಮಲೆಯ ಪುಟಗಳಲ್ಲಿಯಾದರೋ ಅದೇ ಮೌನ ತನ್ನನ್ನು ಕೈಬಿಟ್ಟಂತೆ, ಒಬ್ಬಂಟಿಯಾಗಿ ಪರೀಕ್ಷೆಗೆ ನಿಲ್ಲಿಸಿದಂತೆ ಭಾಸವಾಗುತ್ತದೆ. ಎರಡೂ ಪುಟಗಳು ಓದುಗನ ಕೈಯಲ್ಲಿವೆ. ಗಂಡಹೆಂಡಿರ ಕೈಯಲ್ಲಿ ಒಂದೊಂದೇ ಇದೆ. ಒಬ್ಬರ ಪುಟವನ್ನು ಇನ್ನೊಬ್ಬರು ಒಂದು ಇರುಳು ಓದಿದ್ದರೆ ಕಥೆ ಬೇರೆಯಾಗುತ್ತಿತ್ತೆಂಬ ನೋವು ಈ ಕೃತಿಯ ತಳದಲ್ಲಿ ಹರಿಯುತ್ತದೆ.

೭

ಮೂವರ ಮಾತುಗಳಲ್ಲಿ ಭಾವ, ತತ್ತ್ವ, ಉಪಮೆಗಳು ತುಂಬಿವೆ. ಅವುಗಳನ್ನು ಒರೆಗೆ ಹಚ್ಚುವುದಕ್ಕೆ ಕಾದಂಬರಿಕಾರನು ಉದ್ದೇಶಪೂರ್ವಕವಾಗಿಯೇ ಒಂದು ಗಟ್ಟಿಯಾದ ವಸ್ತುವನ್ನು ನಡುವೆ ಇಟ್ಟಿದ್ದಾನೆ. ಅದು ಆರು ಸಾವಿರ ರೂಪಾಯಿ ಬೆಲೆಯ ಚಿನ್ನದ ನಾಣ್ಯಗಳು.

ಲೆಕ್ಕ ಹೀಗಿದೆ. ನಿಖಿಲೇಶನು ವಿಧವೆಯರಾದ ಇಬ್ಬರು ಅತ್ತಿಗೆಯರಿಗೂ ಪೂಜೆಯ ಕಾಲದಲ್ಲಿ ತಲಾ ಮೂರು ಸಾವಿರ ರೂಪಾಯಿಗಳನ್ನು ಪ್ರಣಾಮಪೂರ್ವಕ ಅರ್ಪಿಸುವ ಪದ್ಧತಿ. ಆ ಹಣ ಪ್ರತಿವರ್ಷ ಕಲ್ಕತ್ತೆಯ ಬ್ಯಾಂಕಿಗೆ ಹೋಗಿ ಜಮೆಯಾಗಬೇಕು. ಆ ವರ್ಷ ಅದು ಇನ್ನೂ ಹೋಗದೆ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿಯೇ ಇತ್ತು. ಸಂದೀಪನು ದೇಶಕಾರ್ಯಕ್ಕೆಂದು ಬಿಮಲೆಯಲ್ಲಿ ಮೊದಲು ಐವತ್ತು ಸಾವಿರ ಕೇಳಿ, ತರುವಾಯ ಸದ್ಯಕ್ಕೆ ಐದು ಸಾವಿರವಾದರೂ ಆದೀತೆಂದು ಇಳಿಯುತ್ತಾನೆ. ಬಿಮಲಾ ಇರುಳಿನಲ್ಲಿ ಗಂಡನ ಬೀಗದ ಕೈಯಿಂದ ಪೆಟ್ಟಿಗೆ ತೆರೆದು ಆರು ಸಾವಿರವನ್ನೂ ತೆಗೆದುಕೊಡುತ್ತಾಳೆ. ಸಂದೀಪನ ಅನುಯಾಯಿಯಾದ ಹುಡುಗ ಅಮೂಲ್ಯನ ಲೆಕ್ಕದ ಪ್ರಕಾರ ನಿಜವಾಗಿ ಬೇಕಾಗಿದ್ದುದು ಮೂರೂವರೆ ಸಾವಿರ ಮಾತ್ರ.

ಈ ಒಂದು ಮೊಬಲಗಿನ ಸುತ್ತ ದೊಡ್ಡ ಮಾತುಗಳೆಲ್ಲ ಕಳಚಿಬೀಳುತ್ತವೆ. ಸಣ್ಣ ಪೊಟ್ಟಣಗಳನ್ನು ಕಂಡು ಬೆಳ್ಳಿಯೆಂದೆಣಿಸಿದ ಸಂದೀಪನ ಮುಖ ಕಪ್ಪಿಡುತ್ತದೆ. ಚಿನ್ನ ಹೊಳೆದಾಗ ಅದೇ ಮುಖ ಅರಳುತ್ತದೆ. ಇದನ್ನು ವರ್ಣಿಸುವವಳು ಬಿಮಲಾ. ದೇಶಕ್ಕೆ ಕೊಟ್ಟೆನೆಂದು ಆಕೆ ತಿಳಿದಿದ್ದ ಕೊಡುಗೆ ಮನೆಯ ವಿಧವೆಯರ ಹಣವನ್ನು ಕದ್ದ ಕಳವಾಗಿ ಆಕೆಯ ಕಣ್ಣೆದುರಿಗೇ ರೂಪಾಂತರ ಹೊಂದುತ್ತದೆ. ಹೊಟ್ಟೆಕಿಚ್ಚಿನವಳೆಂದು ತಾನು ಬಣ್ಣಿಸಿದ ಮೇಜೋರಾಣಿಯ ಪಾಲೂ ಅದರಲ್ಲಿತ್ತೆಂಬುದನ್ನು ಮರೆಯುವಂತಿಲ್ಲ. ಹಣವನ್ನು ಹಿಂದಕ್ಕೆ ತುಂಬಿಕೊಡುವುದಕ್ಕಾಗಿ ಅಮೂಲ್ಯನು ನಿಖಿಲೇಶನದೇ ಜಮೀನ್ದಾರಿಯ ಖಜಾನೆಯೊಂದನ್ನು ದೋಚುತ್ತಾನೆ. ಒಂದು ಕಳವನ್ನು ಇನ್ನೊಂದರಿಂದ ತೀರಿಸಹೋದ ಈ ಹುಡುಗ ಪುಸ್ತಕದ ಕೊನೆಯಲ್ಲಿ ಗಲಭೆಯ ಗುಂಡಿಗೆ ಬಲಿಯಾಗುತ್ತಾನೆ.

ಇಲ್ಲಿ ರಚನೆಯ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಈ ಕಳವು ನಡೆಯುವ ಮುನ್ನವೇ ಸಂದೀಪನ ಆತ್ಮಕಥೆ ನಿಂತುಹೋಗುತ್ತದೆ. ಅಲ್ಲಿಂದ ಮುಂದೆ ಅವನನ್ನು ಬಿಮಲೆಯ ಮತ್ತು ನಿಖಿಲೇಶನ ಕಣ್ಣುಗಳಿಂದಷ್ಟೇ ಕಾಣಬೇಕು. ತಪ್ಪಿಸಿಕೊಂಡು ಹೋಗುವ ಮುನ್ನ ಅವನು ಬಿಮಲೆಯ ಒಡವೆಗಳನ್ನೂ ಆ ನಾಣ್ಯಗಳನ್ನೂ ಹಿಂದಿರುಗಿಸುತ್ತಾನೆ. ಕಿತ್ತುಕೊಳ್ಳುವುದೇ ಧರ್ಮವೆಂದವನು ಕಿತ್ತುಕೊಂಡದ್ದನ್ನು ಏಕೆ ಕೊಟ್ಟ? ಪ್ರೇಮದಿಂದಲೋ, ಅಹಂಕಾರದಿಂದಲೋ, ಕೊನೆಯ ನಾಟಕದ ಆಸೆಯಿಂದಲೋ? ಮಾತುಗಾರನಾದ ಸಂದೀಪನು ಈ ಒಂದು ಕೃತ್ಯಕ್ಕೆ ತನ್ನ ಪುಟಗಳಲ್ಲಿ ವಿವರಣೆ ಕೊಡುವುದಿಲ್ಲ. ಅವನ ಕಥನಕ್ಕೂ ಅವನ ನಡತೆಗೂ ನಡುವಣ ಅಂತರ ಹೀಗೆ ತುಂಬದೆಯೇ ಉಳಿಯುತ್ತದೆ.

೮

ಮೂವರು ಮಾತನಾಡುವಲ್ಲಿ ಮಾತಿಲ್ಲದೆ ಉಳಿದವರು ಹಲವರಿದ್ದಾರೆ. ಬಡ ಒಕ್ಕಲು ಪಂಚು ಅವರಲ್ಲೊಬ್ಬ. ವಿದೇಶಿ ಬಟ್ಟೆ ಮಾರಿದನೆಂದು ನೆರೆಯ ಜಮೀನ್ದಾರ ಹರೀಶ ಕುಂಡು ಅವನಿಗೆ ನೂರು ರೂಪಾಯಿ ದಂಡ ಹಾಕಿ, ಅವನ ಸರಕನ್ನು ಸುಡಿಸುತ್ತಾನೆ. ಸಂದೀಪನ ಪುಟದಲ್ಲಿ ಇಂಥವು ಮಹತ್ಕಾರ್ಯದ ಅನಿವಾರ್ಯ ನಷ್ಟಗಳು. ನಿಖಿಲೇಶನ ಪುಟದಲ್ಲಿ ಒಂದು ಕುಟುಂಬದ ಅನ್ನ. ಪಂಚುವಿಗೆ ತನ್ನದೇ ಆದ ‘ಆತ್ಮಕಥೆ’ ಇಲ್ಲ. ಮೇಜೋರಾಣಿಗೂ ಇಲ್ಲ; ಅಮೂಲ್ಯನಿಗೂ ಇಲ್ಲ. ಮೂವರ ಪ್ರೇಮಕಲಹದ ಬೆಲೆ ತೆತ್ತವರೇ ಇವರು. ಮೂರು ಸಾಕ್ಷ್ಯಗಳನ್ನು ಸೇರಿಸಿದ ಮಾತ್ರಕ್ಕೆ ಪೂರ್ಣ ಸತ್ಯ ದೊರೆಯಿತೆಂದು ಓದುಗನು ತೃಪ್ತಿಪಡಲಾಗದಂತೆ ಈ ಮೌನಗಳು ತಡೆಯುತ್ತವೆ.

ಕೃತಿಯ ಈ ಬಹುಮುಖತೆಯನ್ನು ಕಾಣದೆ ತೀರ್ಪು ಕೊಟ್ಟವರಲ್ಲಿ ಹಂಗೇರಿಯ ಪ್ರಸಿದ್ಧ ವಿಮರ್ಶಕ ಗ್ಯೋರ್ಗ್ ಲುಕಾಚರೂ ಒಬ್ಬರು. ಜರ್ಮನ್ ಅನುವಾದವನ್ನೋದಿ 1922ರಲ್ಲಿ ಬರ್ಲಿನ್ನಿನ ಕಮ್ಯುನಿಸ್ಟ್ ಪತ್ರಿಕೆಯಲ್ಲಿ ಬರೆದ ವಿಮರ್ಶೆಯಲ್ಲಿ ಅವರು ಇದನ್ನು ಕರಪತ್ರದ ಮಟ್ಟಕ್ಕಿಳಿಸಿ, ಸಂದೀಪನನ್ನು ಗಾಂಧೀಜಿಯ ವ್ಯಂಗ್ಯಚಿತ್ರವೆಂದು ಬಗೆದರು. ಗಾಂಧೀಜಿ ದಕ್ಷಿಣ ಆಫ್ರಿಕದ ತರುವಾಯ ಭಾರತಕ್ಕೆ ಹಿಂದಿರುಗಿದ್ದು 1915ರ ಜನವರಿಯಲ್ಲಿ. ಕಾದಂಬರಿಯ ಕಂತುಗಳು ಆರಂಭವಾದುದು ಅದೇ ವರ್ಷ. ಅಸಹಕಾರ ಆಂದೋಲನ ಬಂದುದು 1920ರಲ್ಲಿ. ಸಂದೀಪನು ಗುರಿಗಾಗಿ ಯಾವ ಸಾಧನವಾದರೂ ಸರಿಯೆನ್ನುವವನು. ಗಾಂಧೀಜಿಯ ನಿಲುವು ಇದಕ್ಕೆ ನೇರ ವಿರುದ್ಧ. 1922ರ ರಾಜಕಾರಣದ ಕನ್ನಡಕದಿಂದ 1905ರ ತರುವಾಯದ ಬಂಗಾಳವನ್ನು ನೋಡಿದ ಈ ಓದು ಕಾಲಗಣನೆಯಲ್ಲಿಯೇ ತಪ್ಪಿತು. ಸೀತೆಯ ವಿಷಯದಲ್ಲಿ ಕೆರಳಿದವರು ಸಂದೀಪನನ್ನು ರವೀಂದ್ರರೆಂದು ತಿಳಿದರು. ಲುಕಾಚರು ಅವನನ್ನು ಗಾಂಧೀಜಿಯೆಂದು ತಿಳಿದರು. ಸಂದೀಪನನ್ನು ಸಂದೀಪನಾಗಿಯೇ ಕೇಳುವ ಸೈರಣೆ ಎರಡು ಕಡೆಯೂ ಇರಲಿಲ್ಲ.

ಸತ್ಯಜಿತ್ ರಾಯರು 1984ರಲ್ಲಿ ಈ ಕಾದಂಬರಿಯನ್ನು ಚಲನಚಿತ್ರವಾಗಿಸಿದಾಗ ಬೇರೊಂದು ಸಮಸ್ಯೆ ಎದುರಾಯಿತು. ಕ್ಯಾಮೆರಾದ ಮುಂದೆ ಮೂವರೂ ಒಂದೇ ಬೆಳಕಿನಲ್ಲಿ ನಿಲ್ಲುತ್ತಾರೆ. ಕಾಗದದ ಮೇಲೆ ಒಬ್ಬರನ್ನೊಬ್ಬರು ಮುಚ್ಚಿ ತೆರೆದು ತೋರಿಸಿದಂತೆ ಅಲ್ಲಿ ತೋರಿಸುವುದು ಕಠಿಣ. ಚಿತ್ರದ ಕೊನೆಯಲ್ಲಿ ನಿಖಿಲೇಶನ ಮರಣ ನಿಸ್ಸಂದೇಹ. ಬಿಮಲಾ ವೈಧವ್ಯದ ಬಿಳಿಯ ಸೀರೆಯಲ್ಲಿ ಕಾಣುತ್ತಾಳೆ. ಪುಸ್ತಕದಲ್ಲಿ ಹಾಗಿಲ್ಲ. ಗಲಭೆಯನ್ನು ತಡೆಯಲು ಬರಿಗೈಯಲ್ಲಿ ಕುದುರೆಯೇರಿ ಹೋದ ನಿಖಿಲೇಶ ತಲೆಗೆ ತೀವ್ರ ಗಾಯವಾಗಿ ಪಲ್ಲಕ್ಕಿಯಲ್ಲಿ ಹಿಂದಿರುಗುತ್ತಾನೆ. ಬದುಕುವನೋ ಇಲ್ಲವೋ ಹೇಳಬರುವಂತಿಲ್ಲ. ಈ ಕೊನೆಯ ಪುಟವನ್ನು ಹೇಳುವವಳು ಬಿಮಲಾ. ಮೊದಲ ಪುಟವನ್ನು ಹೇಳಿದವಳೂ ಅವಳೇ, ಅದೂ ಎಲ್ಲ ಮುಗಿದ ಮೇಲೆ. ಎಂದರೆ ಕಥೆಯ ಫಲಿತಾಂಶ ಆಕೆಗೆ ಗೊತ್ತಿದ್ದಿರಬೇಕು. ತಾಯಿಯ ಬೈತಲೆಯ ಕುಂಕುಮವನ್ನು ನೆನೆದು ಮಾತು ತೆಗೆದ ಆಕೆ, ತನ್ನ ಕುಂಕುಮ ಉಳಿಯಿತೋ ಅಳಿಯಿತೋ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ನಿರೂಪಕಿ ಇಲ್ಲಿ ಓದುಗನನ್ನು ವಂಚಿಸುತ್ತಿಲ್ಲ. ಹೇಳಲಾಗದ ಸ್ಥಳಕ್ಕೆ ಬಂದು ನಿಂತಿದ್ದಾಳೆ. ಸುಳ್ಳಿಗೂ ಈ ಮೌನಕ್ಕೂ ಇರುವ ವ್ಯತ್ಯಾಸವನ್ನು ತಿಳಿಯುವುದೇ ಇಂಥ ಕಾದಂಬರಿಗಳನ್ನು ಓದುವ ವಿದ್ಯೆ. ಬೆಂತೋ ಸಾಂತಿಯಾಗೋವಿನ ಹೆಂಡತಿಗೆ ನ್ಯಾಯ ದೊರೆಯುವುದಕ್ಕೆ ಆರು ದಶಕ ಹಿಡಿಯಿತು. ಬಿಮಲೆಯ ಪಕ್ಷಕ್ಕೆ ಆಕೆಯದೇ ಧ್ವನಿಯಿದೆ. ಆ ಧ್ವನಿಯನ್ನು ಕೇಳುವಾಗ, ಗಂಡನ ಒಳ್ಳೆಯತನ, ಸಂದೀಪನ ವಾಗ್ಮಿತೆ, ಸ್ವತಃ ಆಕೆಯ ಪಶ್ಚಾತ್ತಾಪ ಈ ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬೇಕಾದವನು ಓದುಗ. ಆ ಕೆಲಸವನ್ನು ರವೀಂದ್ರರು ಅವನ ಪರವಾಗಿ ಮಾಡಿಟ್ಟಿಲ್ಲ.